ಅವ್ವನ ಅರ್ಜಿಯ ಏಳನೇ ಸಾಲು

ಅವ್ವ ಸಿಂಗಾಪುರಕ್ಕೆ ಹೊರಡುವ ಮೊದಲು ತುಂಬಿದ ವಿಮೆ ಅರ್ಜಿಯ ಜೆರಾಕ್ಸ್ ನನ್ನ ಮುಂದಿದೆ. ಇದು ಸಿಗದಿದ್ದರೆ ನಾನು ಈ ವಿಷಯ ಬರೆಯಲು ಕೂರುತ್ತಿರಲಿಲ್ಲ. ನನ್ನ ನೆನಪಿಗೆ ಒಂದು ಕೆಟ್ಟ ಚಾಳಿ ಇದೆ: ನಾನು ತಪ್ಪು ಮಾಡಿದ ಕಡೆಯೆಲ್ಲ ನನ್ನನ್ನು ಮೆಲ್ಲಗೆ ಕೋಣೆಯಿಂದ ಆಚೆ ಕಳಿಸಿಬಿಡುತ್ತದೆ. ಈ ಕಾಗದದಲ್ಲಿ ಆರು ಸಾಲು ನನ್ನ ಕೈಬರಹ. ಏಳನೆಯದು ಬೇರೊಬ್ಬರದು.

ತೊಂಬತ್ತರ ದಶಕದ ಕೊನೆ. ಭಾವ ಸಿಂಗಾಪುರದಲ್ಲಿ ಹಡಗು ಕಟ್ಟುವ ಕಾರ್ಖಾನೆಯಲ್ಲಿ ಇಂಜಿನಿಯರ್. ಅಕ್ಕ ಬಸುರಿ. ಚೊಚ್ಚಲಿಗೆ ಹೆಣ್ಣು ತವರಿಗೆ ಬರಬೇಕು; ಆದರೆ ಹಿಂದೆ ಎರಡು ಸಲ ಬಸಿರು ನಿಂತಿರಲಿಲ್ಲ, ಈ ಸಲ ಮಂಚ ಬಿಟ್ಟು ಇಳಿಯಲೇ ಕೂಡದೆಂದು ಅಲ್ಲಿನ ಡಾಕ್ಟರು ಹೇಳಿದ್ದರು. ಹಾಗಾಗಿ ತವರೇ ಅವಳಲ್ಲಿಗೆ ಹೊರಡಬೇಕಾಯಿತು. ಅಪ್ಪ ತೀರಿಕೊಂಡಿದ್ದರು, ಮನೆಯಲ್ಲಿ ಅವ್ವ ಮತ್ತು ನಾನು ಇಬ್ಬರೇ. ನಾನು ತಮಿಳುನಾಡಿನ ತೇನಿಯಲ್ಲಿ, ನಮ್ಮ ಊರಲ್ಲೇ, ಟೈಪಿಂಗ್ ಹೇಳಿಕೊಡುತ್ತಿದ್ದೆ.

ಭಾವನದು ಒಂದೇ ಷರತ್ತು: ವಿಮೆಯಾಗದೆ ಟಿಕೆಟ್ ಕಳಿಸುವುದಿಲ್ಲ. ಅವನ ಜೊತೆ ಕೆಲಸ ಮಾಡುವವನೊಬ್ಬನ ಅಪ್ಪ ಮಗನನ್ನು ನೋಡಲು ಬಂದು, ಲಕ್ವ ಹೊಡೆದು ಅಲ್ಲೇ ಆಸ್ಪತ್ರೆ ಸೇರಿದ್ದರು. ಅಲ್ಲಿಯವರಿಗೆ ಒಂದು ದರ, ಹೊರಗಿನಿಂದ ಬಂದವರಿಗೆ ಇನ್ನೊಂದು. ಮಗ ಊರಿನ ಮನೆ ಮಾರಿ ಅಪ್ಪನನ್ನು ಬಿಡಿಸಿಕೊಂಡು ಬಂದ.

ವಿಮೆ ಏಜೆಂಟ್ ನಮ್ಮ ಜನವೇ. ಮನೆಮಾತು ನಮ್ಮದೇ ಕನ್ನಡ, ದೂರದ ನೆಂಟಸ್ತಿಕೆಯಲ್ಲಿ ಅವ್ವನಿಗೆ ಅಳಿಯನ ವರಸೆ. ಸಹಿ ಹಾಕಿಸಲು ಅರ್ಜಿಯ ಒಂದು ಸಾಲಿನ ಮೇಲೆ ಬೆರಳಿಟ್ಟ.

“ಇಲ್ಲಿ ಒಂದು ಕೈಯೆಳ್ತು ಹಾಕಿಬುಡಿ ಅತ್ತೆ. ಮಿಕ್ಕಿದ್ದು ನಾ ನೋಡ್ಕೊಳ್ತೀನಿ.”

“ಏನಂತ ಬರ್ದದೆ?”

“ಗಟ್ಟಿಯಾಗಿ ಇದೀನಿ, ಮೈಯಲ್ಲಿ ಒಂದು ನೋವೂ ಇಲ್ಲ ಅಂತ.”

ಅವ್ವ ಪೆನ್ನು ಕೆಳಗಿಟ್ಟಳು. “ತೂ! ಬಾಯಲ್ಲೇ ಹೇಳ್ಕೂಡ್ದು ಅದನ್ನ. ಎಳ್ತಲ್ಲಿ ಹಾಕಾಕಾಗ್ತದಾ?”

ನಮ್ಮ ಜನ ‘ಚೆನ್ನಾಗಿದ್ದೀಯಾ’ ಎಂದು ಕೇಳಿದರೆ ಹೌದೆನ್ನುವುದಿಲ್ಲ. ಏನೋ ಇದೀನಿ ಅನ್ನುತ್ತಾರೆ. ಹೌದೆಂದರೆ ಕೇಳಿಸಿಕೊಳ್ಳಲು ಯಾರ್ಯಾರೋ ಇರುತ್ತಾರೆ. ಅವ್ವನ ಅಣ್ಣ ಬೋಡಿಮೆಟ್ಟಿನ ಏಲಕ್ಕಿ ತೋಟದಿಂದ ಒಂದು ಮದುವೆಗೆ ಇಳಿದು ಬಂದು, ಪಂಕ್ತಿಯಲ್ಲಿ ಕೂತು, ತಲೆನೋವು ಹೇಗಿರುತ್ತದೆಂದೇ ತನಗೆ ತಿಳಿಯದು ಅಂದನಂತೆ. ತಿಂಗಳು ತುಂಬುವಷ್ಟರಲ್ಲಿ ಹೋದ. ಆ ಪಂಕ್ತಿಯಲ್ಲಿ ನಾನೂ ಇದ್ದೆ, ಅವನ ಎಲೆಯ ಮೇಲಿನ ಪಾಯಸ ನೋಡಿದ್ದೆ ಎಂದು ಬಹಳ ಕಾಲ ನಂಬಿದ್ದೆ. ನಾನಾಗ ಹುಟ್ಟಿರಲೇ ಇಲ್ಲ.

“ಅತ್ತೆ, ಸಕ್ಕರೆ ಅದೆ ಅಂತ ಬರ್ದ್ರೆ ಕಾಗದ ಮದುರೆಗೆ ಹೋಗ್ತದೆ. ರತ್ತ ಪರೀಕ್ಷೆ, ಇಸಿಜಿ, ಎಲ್ಲಾ ಕೇಳ್ತಾರೆ. ದಿನ ಹಿಡೀತದೆ. ನೀವು ಬರೋವರೆಗೂ ಮಗು ಒಳಗೇ ಕಾದು ಕೂತಿರ್ತದಾ?”

“ಕೂತಿರ್ತದೆ. ನನ್ನ ಮೊಮ್ಮಗು ತಾನೆ.” ಆಮೇಲೆ ನನ್ನ ಕಡೆ ತಿರುಗಿದಳು; ಮಗಳೇ ಅನ್ನುವ ಕಡೆ ಅವಳು ತಮಿಳರ ಹಾಗೆ ಪುಳ್ಳೆ ಅನ್ನುತ್ತಿದ್ದಳು. “ನೀ ಬರಿ ಪುಳ್ಳೆ. ಇರೋದನ್ನ ಇರೋ ಹಾಗೆ ಬರಿ.”

ಅವಳು ಹೇಳುತ್ತ ಹೋದಳು, ನಾನು ಇಂಗ್ಲಿಷಿನಲ್ಲಿ ಅಂಕಿ ಹಾಕಿ ಬರೆಯುತ್ತ ಹೋದೆ. ಸಕ್ಕರೆ, ಮಂಡಿ, ಎಡಗಣ್ಣಿನ ಪೊರೆ. ಏಲಕ್ಕಿ ಒಣಗಿಸುವ ಮನೆಯ ಹೊಗೆ ಕುಡಿದು ಬಂದ ಕೆಮ್ಮು. ಎಳೆಯ ವಯಸ್ಸಿನ ಮಲೇರಿಯಾ. ಚೇಳು ಕಚ್ಚಿದ್ದನ್ನೂ ಬಿಡಲಿಲ್ಲ.

“ಚೇಳಿನ ಹೆಸರೂ ಬೇಕಾ ಅತ್ತೆ?” ಅಂದ ಏಜೆಂಟ್.

“ನಿನ್ನ ಹೆಸರೇ ಹಾಕು.”

ಕೊನೆಗೆ ಹೇಳಿದಳು: “ಪಳನಿ ಬೆಟ್ಟದ ಮೆಟ್ಟಿಲು ಹತ್ತೋವಾಗ ನಡುವಲ್ಲಿ ಎದೆ ಹಿಡ್ಕೊಳ್ತದೆ.” ಅದನ್ನು ನಾನು ಬರೆಯಲಿಲ್ಲ. ಏಜೆಂಟ್ ಬೇಡವೆಂದು ಕಣ್ಸನ್ನೆ ಮಾಡಿದ ಎಂದು ಈ ಹಿಂದೆ ಒಂದೆಡೆ ಬರೆದಿದ್ದೇನೆ. ಅದನ್ನೀಗ ಹೊಡೆದುಹಾಕುತ್ತೇನೆ. ಅವನು ತಲೆ ಬಗ್ಗಿಸಿ ಕಾಫಿ ಆರಿಸಿಕೊಳ್ಳುತ್ತಿದ್ದ. ಸಕ್ಕರೆಯೆಂದರೆ ತಡವಾಗುತ್ತದೆ, ಎದೆಯೆಂದರೆ ಪ್ರಯಾಣವೇ ನಿಂತುಹೋಗುತ್ತದೆ ಎಂದು ಲೆಕ್ಕ ಹಾಕಿದವಳು ನಾನು. ಅಕ್ಕ ಆ ಮಂಚದ ಮೇಲೆ ಒಬ್ಬಳೇ ಬಿದ್ದಿರುವುದು ನನ್ನ ಕಣ್ಣ ಮುಂದಿತ್ತು.

ಮಧುರೆಯ ವಿಮೆ ಕಚೇರಿಯಿಂದ ಅರ್ಜಿಯ ಜೊತೆ ಉತ್ತರ ಬಂತು: ದಿಂಡುಗಲ್ಲಿನ ಇಂಥ ಡಾಕ್ಟರ ಹತ್ತಿರ ಪರೀಕ್ಷೆ ಮಾಡಿಸಿ. ಬತ್ತಲಗುಂಡು ಮಾರ್ಗವಾಗಿ ಹೋಗುವ ಮುಂಜಾನೆಯ ಬಸ್ಸು ಹಿಡಿದೆವು. ರಕ್ತ ಕೊಡಬೇಕಿದ್ದರಿಂದ ಅವ್ವ ಏನೂ ತಿಂದಿರಲಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಅರ್ಜಿಯನ್ನು ಮಡಿಲಲ್ಲಿ ಹರಡಿಕೊಂಡಳು. ಅವಳಿಗೆ ಇಂಗ್ಲಿಷ್ ಬಾರದು. ಅಂಕಿ ಬರುತ್ತಿತ್ತು.

“ನಾ ಏಳು ಹೇಳ್ದೆ. ಇಲ್ಲಿ ಆರೇ ಅದೆ.”

“ಎರಡನ್ನ ಒಂದರಲ್ಲೇ ಸೇರಿಸಿದೀನಿ ಅವ್ವಾ.”

“ಯಾವ ಎರಡನ್ನ?”

ಚೇಳನ್ನೂ ಮಲೇರಿಯಾವನ್ನೂ ಅನ್ನಬಹುದಿತ್ತು.

“ಪಳನೀನ ಬಿಟ್ಟಿದೀಯ.”

“ಬರ್ದ್ರೆ ಬೇಡ ಅಂದುಬುಡ್ತಾರೆ. ಅಕ್ಕ ಒಬ್ಬಳೇ ಆಗ್ತಾಳೆ.”

“ಅಲ್ಲಿ ಹೋಗಿ ನಾ ಬಿದ್ರೆ? ಬಾಣಂತಿ ಎದ್ದು ನನಗೆ ಗಂಜಿ ಕಾಸ್ತಾಳಾ? ಅಳಿಯ ಮನೆ ಮಾರ್ತಾರಾ?” ದನಿ ಏರಿಸಲಿಲ್ಲ. “ನಾ ಅವಳಿಗೆ ಆಸರೆಯಾಗಾಕೆ ಹೋಗೋದು ಪುಳ್ಳೆ. ಇನ್ನೊಂದು ಮಂಚ ಹಾಕ್ಸಾಕಲ್ಲ.”

ಹೆಸರು ಕರೆದದ್ದೇ ಒಳಗೆ ಹೋಗಿ, ಕೂರುವ ಮೊದಲೇ, ತಮಿಳಿನಲ್ಲಿ ಡಾಕ್ಟರಿಗೆ ಎಲ್ಲ ಹೇಳಿಬಿಟ್ಟಳು. ಮಗಳು ಬರೆಯಲಿಲ್ಲ ಎನ್ನುವುದನ್ನೂ ಸೇರಿಸಿ. ಅವರು ಕೇಳಿದರು, ಎದೆ ಹಿಡಿದಾಗ ಇಳಿದುಬಿಡುತ್ತೀರಾ? ಅರ್ಧ ದಾರಿಯಲ್ಲಿ ಇಡುಂಬನ ಗುಡಿ ಇದೆಯಲ್ಲ, ಅಲ್ಲಿ ಕೂರುತ್ತೇನೆ, ಅಂದಳು. ಆಮೇಲೆ ಹತ್ತುತ್ತೇನೆ. ಹತ್ತದೆ ಇಳಿದದ್ದಿಲ್ಲ.

ಡಾಕ್ಟರು ಏಳನೇ ಸಾಲು ತಾವೇ ಬರೆದರು. ನೀಲಿ ಇಂಕಿನಲ್ಲಿ ಎಂದು ನನ್ನ ನೆನಪು. ಜೆರಾಕ್ಸಿನಲ್ಲಿ ಎಲ್ಲವೂ ಕಪ್ಪು. ಒಂದು ಇಸಿಜಿ ತೆಗೆದು, ಆಸ್ಪತ್ರೆಯ ಮೆಟ್ಟಿಲನ್ನು ಎರಡು ಸಲ ಹತ್ತಿಸಿ ಇಳಿಸಿ ಇನ್ನೊಂದು ತೆಗೆದರು. ಸೆರಗು ಸೊಂಟಕ್ಕೆ ಬಿಗಿದು ಅವ್ವ ಹತ್ತುತ್ತಿದ್ದರೆ ಚೀಟಿ ಹಿಡಿದು ಕೂತವರೆಲ್ಲ ಕತ್ತೆತ್ತಿ ನೋಡುತ್ತಿದ್ದರು. ಗಾಬರಿಪಡುವಂಥದ್ದು ಏನಿಲ್ಲ, ಒಂದು ಮಾತ್ರೆ, ದಿನಾ ನಡೆಯಬೇಕು ಅಂದರು.

ಆಮೇಲಿನ ದಿನಗಳು ಕೆಟ್ಟವು. ಮಧುರೆಯ ಕಾಗದ ಬರಲಿಲ್ಲ. ಎಸ್‌ಟಿಡಿ ಬೂತಿನ ಫೋನಿನಲ್ಲಿ ಅಕ್ಕ ಅತ್ತಳು: “ಸುಮ್ನೆ ಇಲ್ಲ ಅಂತ ಬರ್ದುಬುಡೋದಲ್ವಾ?” ಅವ್ವ ನನ್ನ ಕೈಯಿಂದ ರಿಸೀವರ್ ಕಿತ್ತುಕೊಂಡಳು. “ಮಲ್ಕೊಂಡಿರು. ಬರ್ತೀನಿ.”

ಕೊನೆಗೆ ಪಾಲಿಸಿ ಬಂತು. ಸಕ್ಕರೆ, ಎದೆ, ಮಂಡಿ, ಕಣ್ಣು, ಇವುಗಳಿಂದ ಬರುವ ಯಾವ ಖರ್ಚೂ ಕಂಪನಿಗೆ ಸೇರಿದ್ದಲ್ಲ.

“ಮಿಕ್ಕಿದ್ದೇನು?” ಅಂದಳು ಅವ್ವ.

“ಜಾರಿ ಬೀಳೋದು, ಜ್ವರ, ಕಾರು ಗುದ್ದೋದು,” ಅಂದ ಏಜೆಂಟ್, ತಾನೇ ಗುದ್ದಿದವನ ಹಾಗೆ ಮುಖ ಮಾಡಿಕೊಂಡು.

“ಸರಿ. ಹಳೇದನ್ನ ನಾ ನೋಡ್ಕೊಳ್ತೀನಿ. ಹೊಸದು ಬಂದ್ರೆ ಅವ್ರು ನೋಡ್ಲಿ.”

ಯಾವುದು ಸೇರಿಲ್ಲವೆಂದು ಭಾವನಿಗೆ ಫೋನಿನಲ್ಲಿ ಅವಳೇ ಹೇಳಿದಳು. ಅವನು, ಎಷ್ಟು ತಿಂಗಳ ಮಾತ್ರೆ ತರುತ್ತೀರಿ ಅತ್ತೆ ಅಂದನಂತೆ. ಟಿಕೆಟ್ ಬಂತು.

ಅವ್ವ ಅಲ್ಲಿ ಬಚ್ಚಲಲ್ಲಿ ಜಾರಿ ಕೈ ಮುರಿದುಕೊಂಡಳು, ನಿಜ ಬರೆದಿದ್ದಕ್ಕೆ ಕಂಪನಿ ಎಲ್ಲವನ್ನೂ ಕೊಟ್ಟಿತು ಎಂದು ನಮ್ಮ ನೆಂಟರು ಈ ಕಥೆ ಮುಗಿಸುತ್ತಾರೆ. ನಾನೂ ಹಾಗೆ ಹೇಳಿದ್ದುಂಟು, ಕೇಳುವವರಿಗೆ ಹಿತವಾಗುತ್ತದೆ. ಅಂಥದ್ದೇನೂ ಆಗಲಿಲ್ಲ. ಪಾಲಿಸಿ, ಕೊಟ್ಟಾಗ ಮಡಚಿದ್ದ ಹಾಗೆಯೇ, ಬಿಚ್ಚದೆ ವಾಪಸ್ ಬಂತು. ಪಾಸ್‌ಪೋರ್ಟಿನ ಮುದ್ರೆ ನೋಡಿದರೆ, ಹೆರಿಗೆಗೆ ನಾಲ್ಕು ದಿನ ಮುಂಚೆ ಅವಳು ಅಲ್ಲಿ ಇಳಿದಿದ್ದಾಳೆ. ನನ್ನ ನೆನಪಿನಲ್ಲಿ ಅದು ಎರಡು ವಾರ.

ಅಕ್ಕನ ಮನೆ ಬಹಳ ಎತ್ತರದಲ್ಲಿತ್ತು. ಅವ್ವ ಲಿಫ್ಟ್ ಹತ್ತುತ್ತಿರಲಿಲ್ಲ. ಮಗುವಿನ ಬಟ್ಟೆ ಒಗೆದು ಹರವಿ, ದಿನಾ ಒಂದು ಸಲ ಕೆಳಗಿಳಿದು, ಮೆಟ್ಟಿಲಲ್ಲೇ ಹತ್ತಿ ಬರುತ್ತಿದ್ದಳಂತೆ. ನಡುವೆ ಒಂದು ಮಹಡಿಯಲ್ಲಿ ಕೂತು, ಉಸಿರು ಬಂದ ಮೇಲೆ ಏಳುತ್ತಿದ್ದಳಂತೆ. ಯಾವ ಮಹಡಿ ಎಂಬುದರಲ್ಲಿ ಅಕ್ಕನಿಗೂ ಭಾವನಿಗೂ ಇನ್ನೂ ಜಗಳವಿದೆ. ಲಿಫ್ಟಿದೆಯಲ್ಲ ಅತ್ತೆ, ಎಂದು ಅವನು ಕೇಳಿದಾಗ ಅವ್ವ ಹೇಳಿದ ಮಾತನ್ನು ಮಾತ್ರ ಇಬ್ಬರೂ ಒಂದೇ ಹಾಗೆ ಹೇಳುತ್ತಾರೆ.

“ಕಂಪನಿಯವ್ರು ಕಾಗದದಲ್ಲಿ ಬಿಟ್ಟಿರೋದನ್ನ ನಾನೇ ತಾನೆ ನೋಡ್ಕೊಳ್ಬೇಕು?”