ರೇಸಿನ ಕಾರನ್ನು ಮೆತ್ತಗೆ ಮಾಡಿದ ವಾರ

ನಾನು ರೇಸಿನ ಕಾರು ಕೊಂಡದ್ದು ಪುಕ್ಕಲುತನದಿಂದ. ಹೇಳಿದರೆ ಜನ ನಗುತ್ತಾರೆ, ನಗಲಿ. ಕೊಲ್ಲಾಪುರದ ಕಡೆಯ ಶೋಕಿದಾರನೊಬ್ಬ ಸಂಸಾರಸ್ಥರ ಸಣ್ಣ ಕಾರೊಂದನ್ನು ಪೂರ್ತಿ ಬಿಚ್ಚಿ, ರೇಸಿಗೆಂದು ಮತ್ತೆ ಕಟ್ಟಿದ್ದ. ಒಳಗೆ ಉಕ್ಕಿನ ಕೊಳವೆಗಳ ಪಂಜರ. ಕಾರು ಪಲ್ಟಿ ಹೊಡೆದರೂ ಕೂತವನ ತಲೆ ಜಜ್ಜುವುದಿಲ್ಲವಂತೆ. ಎರಡೂ ಹೆಗಲ ಮೇಲಿಂದ ಬಿಗಿಯುವ ಪಟ್ಟಿ, ಕಾಲ ಬಳಿ ಬೆಂಕಿ ನಂದಿಸುವ ಕೆಂಪು ಸಿಲಿಂಡರ್. ಸೈಕಲ್ ಮೇಲೆ ಹೋಗುವಾಗ ಹಿಂದೆ ಲಾರಿಯ ಸದ್ದಾದರೆ ಇಳಿದು ಹೊಲದೊಳಗೆ ನಿಲ್ಲುವ ನನಗೆ, ಭೂಮಿಯ ಮೇಲೆ ಇದಕ್ಕಿಂತ ಸುರಕ್ಷಿತವಾದ ವಾಹನ ಇನ್ನೊಂದಿಲ್ಲ ಅನ್ನಿಸಿತು. ಬನಹಟ್ಟಿಯ ಸಾಲೆಯ ಚಿತ್ರಕಲಾ ಮಾಸ್ತರ ರೇಸಿನ ಕಾರು ತಂದನೆಂದು ಓಣಿಯೇ ನೋಡಲು ಬಂತು. ಹೆಂಡತಿ ಒಳಗೆ ಬಗ್ಗಿ ನೋಡಿ ಅಂದಳು, "ಸರ್ಕಸ್ಸಿನವರು ಇಂಥಾದ್ರಾಗ ಹುಲಿ ತರತಾರ. ನಮ್ಮವರು ಇಲಿ ಕುಂದ್ರಸಾಕ ತಂದಾರ."

ಆದರೆ ಆ ಕಾರು ನಮ್ಮನ್ನು ಕಾಯುತ್ತಿದ್ದದ್ದು ಅಪಘಾತವಾದರೆ ಮಾತ್ರ. ಅಪಘಾತವಾಗದ ಹೊತ್ತೆಲ್ಲ ಅದೇ ನಮ್ಮನ್ನು ಹೊಡೆಯುತ್ತಿತ್ತು. ಸ್ಪ್ರಿಂಗುಗಳನ್ನು ಆ ಪುಣ್ಯಾತ್ಮ ಗಿಡ್ಡಗೆ ಕತ್ತರಿಸಿದ್ದ, ಹಿಂದಿನ ಗಾಲಿಗಳ ಮೇಲೆ ಕುಲುಕು ತಡೆಯುವ ಬಾಗಿದ ಉಕ್ಕಿನ ಪಟ್ಟಿಗಳಿಗೆ ಒಂದೊಂದು ಪಾಟಾ ಹೆಚ್ಚಿಗೆ ಸೇರಿಸಿದ್ದ, ಕೀಲುಗಳಲ್ಲಿನ ರಬ್ಬರ್ ಬುಶ್‌ಗಳ ಜಾಗದಲ್ಲಿ ಹಿತ್ತಾಳೆ ಕೂರಿಸಿದ್ದ. ಸೈಲೆನ್ಸರ್ ಇರಲೇ ಇಲ್ಲ. ಕ್ಲಚ್ಚಿಗೆ ಎರಡೇ ಅವಸ್ಥೆ: ಹಿಡಿಯುವುದಿಲ್ಲ, ಇಲ್ಲವೇ ಕಚ್ಚುತ್ತದೆ. ಕಚ್ಚಿದರೆ ಕಾರು ಒದೆ ತಿಂದ ಕತ್ತೆಯಂತೆ ಮುಂದಕ್ಕೆ ಹಾರುತ್ತಿತ್ತು. ಮುಧೋಳದಲ್ಲಿ ಗ್ಯಾರೇಜು ಇಟ್ಟಿದ್ದ ನನ್ನ ಹೆಂಡತಿಯ ತಮ್ಮನಿಗೆ ಅದೇ ಇಷ್ಟ. "ಮಾಮಾ, ಇದು ಗಂಡು ಗಾಡಿ ಐತ್ರಿ," ಅನ್ನುತ್ತಿದ್ದ. ನಾನು ವಾರಕ್ಕೊಮ್ಮೆ ಅದನ್ನು ಒರೆಸಿ, ಸೈಕಲ್ ಹತ್ತಿ ಸಾಲೆಗೆ ಹೋಗುತ್ತಿದ್ದೆ.

ಹೀಗಿರುವಾಗ ಹೆಂಡತಿಯ ಬಲಗಣ್ಣಿನ ಒಳಪರದೆ ಕಿತ್ತುಬಂತು. ಎಡಗಣ್ಣು ಚಿಕ್ಕಂದಿನಲ್ಲೇ ಸಿಡುಬಿನಲ್ಲಿ ಹೋಗಿತ್ತು. ಇದ್ದ ಆ ಒಂದು ಕಣ್ಣಿನಿಂದಲೇ ಅವಳು ಮಗ್ಗದ ಹಾಸಿನಲ್ಲಿ ಹರಿದ ಒಂದು ಎಳೆಯನ್ನು ಬಾಗಿಲಲ್ಲಿ ನಿಂತೇ ಹಿಡಿಯುತ್ತಿದ್ದಳು. ಓಣಿಯವರು ಎಳೆ ಕೂಡಿಸುವುದಕ್ಕೆ ಅವಳನ್ನೇ ಕರೆಯುತ್ತಿದ್ದರು. ಒಂದು ಮುಂಜಾನೆ, "ರೀ, ಕಣ್ಣಾಗ ಕರೇ ಪರದೆ ಇಳದಂಗ ಆಗೇತಿ," ಅಂದಳು. ಮೀರಜಕ್ಕೆ ಒಯ್ದೆವು. ಅಲ್ಲಿಯ ಕಣ್ಣಿನ ಡಾಕ್ಟರು ಆಪರೇಶನ್ ಮಾಡಿ ಪರದೆಯನ್ನು ಮತ್ತೆ ಅಂಟಿಸಿದರು.

ಅವಳನ್ನು ಅವಳ ಅಕ್ಕನ ಜೊತೆ ಅಲ್ಲೇ ಬಿಟ್ಟು ನಾನು ಊರಿಗೆ ಹೊರಟಾಗ ಡಾಕ್ಟರು ಕರೆದು ಹೇಳಿದರು: ಮುಂದಿನ ವಾರ ಮನೆಗೆ ಒಯ್ಯಬಹುದು. ಆದರೆ ಅಂಟಿಸಿದ್ದು ಇನ್ನೂ ಹಸಿ. ತಲೆಗೆ ಜೋರಾದ ಕುಲುಕು ತಗಲಬಾರದು. ಕೆಮ್ಮು, ವಾಂತಿ ಆಗಬಾರದು. ಇನ್ನೊಮ್ಮೆ ಕಿತ್ತರೆ ಮತ್ತೆ ಕೂರಿಸುತ್ತೇನೆಂದು ಭರವಸೆ ಕೊಡಲಾರೆ.

ಮೀರಜದಿಂದ ಬನಹಟ್ಟಿಗೆ ಬರುವ ರಸ್ತೆಯನ್ನು ನಾನು ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ಬಲ್ಲವನು. ಬಾಡಿಗೆ ಕಾರಿನವರನ್ನು ಕೇಳಿದೆ. ಒಬ್ಬ, "ಮೂರು ತಾಸಿನ್ಯಾಗ ತಂದು ಒಗೀತೇನ್ರಿ ಸರ," ಅಂದ. ಹೆಂಡತಿಯನ್ನು ಎಸೆಯುವಂಥ ಆ 'ಒಗೀತೇನ್ರಿ' ಕೇಳಿದ ಮೇಲೆ ನನಗೆ ಅವನ ಕಾರು ಬೇಡವಾಯಿತು. ಉಳಿದದ್ದು ನಮ್ಮ ಪಂಜರ.

ಮೈದುನನ ಗ್ಯಾರೇಜಿಗೆ ಹೋಗಿ, "ಇದನ್ನ ಹೆಣ್ಣು ಗಾಡಿ ಮಾಡು," ಅಂದೆ.

ಅವನು ನಗಲಿಲ್ಲ. ಅಕ್ಕನ ಕಣ್ಣಲ್ಲವೇ. ಮೊದಲು ಕ್ಲಚ್ ಬಿಚ್ಚಿ ಸಾದಾ ಪ್ಲೇಟು ಹಾಕಿದ. ಸೈಲೆನ್ಸರ್ ಕೂರಿಸಿದ. ಹಿತ್ತಾಳೆಯ ಬುಶ್‌ಗಳನ್ನು ಕುಟ್ಟಿ ತೆಗೆದು ರಬ್ಬರಿನವು ಹಾಕಿದ. ಹಿಂದೆ ಸೀಟೇ ಇರಲಿಲ್ಲ. ಒಂದು ಹಲಗೆ ಜೋಡಿಸಿ, ಮಗ್ಗದ ಮನೆಗಳಿಂದ ವೇಸ್ಟ್ ನೂಲು ತಂದು ಗಾದಿ ಹೊಲಿಸಿದೆವು. ಪಂಜರದ ಕೊಳವೆಗಳಿಗೆಲ್ಲ ನಾನು ಹಳೆಯ ಧೋತರ ಸುತ್ತಿದೆ. ಗಾಯಾಳುಗಳ ವಾರ್ಡಿನಂತೆ ಕಾಣುತ್ತಿತ್ತು.

"ಇನ್ನ ಸ್ಪ್ರಿಂಗ್ ಮೆತ್ತಗ ಮಾಡೂಣು," ಅಂದ ಮೈದುನ. ಉದ್ದನೆಯ ಹಳೆಯ ಸ್ಪ್ರಿಂಗು ಹಾಕಿ, ಹಿಂದಿನ ಪಾಟಾ ಎರಡೆರಡು ಕಳಚಿ, ಬಿಗಿಯಾಗಿದ್ದ ಶಾಕ್ ಅಬ್ಸಾರ್ಬರ್‌ಗಳನ್ನು ಪೂರ್ತಿ ತೆಗೆದು ಮೂಲೆಗೆ ಒಗೆದ. "ಈಗ ನೋಡ್ರಿ, ಹೂವಿನ ಮ್ಯಾಲ ಕುಂತಂಗ."

ರನ್ನ ಬೆಳಗಲಿಯ ಹಾದಿಗೆ ಹೊರಟೆವು. ಅವನು ಓಡಿಸಿದ, ನಾನು ಹಿಂದೆ ಗಾದಿಯ ಮೇಲೆ ಹೆಂಡತಿಯಂತೆ ಮಲಗಿದೆ. ನಿಜ, ಏಟು ಒಂದೂ ಇಲ್ಲ. ಆದರೆ ಒಂದು ಗುಂಡಿಯಲ್ಲಿ ಇಳಿದ ಕಾರು ಮುಂದಿನ ಗುಂಡಿ ಬರುವವರೆಗೂ ತೂಗುತ್ತಲೇ ಇತ್ತು. ಊರು ಬರುವ ಮೊದಲೇ ನಾನು ಇಳಿದು ಜೋಳದ ಬೆಳೆಗೆ ಮುಖಮಾಡಿ ನಿಂತೆ. ಮುಂಜಾನೆಯ ಉಪ್ಪಿಟ್ಟು ಅಲ್ಲೇ ಉಳಿಯಿತು.

"ಏನಾತ್ರಿ ಮಾಮಾ?"

"ವಾಂತಿ ಆಗಬಾರದು ಅಂದಾರಲ್ಲೋ ಡಾಕ್ಟರು. ತೊಟ್ಟಿಲಾ ಮಾಡೀಯಲ್ಲ ಲೇ!"

"ನೀವ ಹೇಳಿದ್ರಿ ಮೆತ್ತಗ ಬೇಕು ಅಂತ."

ಇಬ್ಬರೂ ರಸ್ತೆ ಬದಿ ಕೂತೆವು. ಹೊಡೆಯಬಾರದು, ತೂಗಲೂಬಾರದು. ಇವೆರಡರ ನಡುವೆ ಎಲ್ಲಿ ನಿಲ್ಲಬೇಕೆಂಬುದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಅವನು "ಈಗ ಛಲೋ ಐತಿ" ಅಂದರೆ ನನಗೆ ನಂಬಿಕೆಯಿಲ್ಲ, ನಾನು "ಕುಲುಕಿತು" ಅಂದರೆ ಅವನಿಗೆ ನಂಬಿಕೆಯಿಲ್ಲ. ಅವನ ಪ್ರಕಾರ ನಾನು ನಿಂತ ಕಾರಿನಲ್ಲೂ ಕುಲುಕಿತು ಅನ್ನುವ ಮನುಷ್ಯ.

ಆಗ ನನ್ನ ಕಸುಬು ಕೆಲಸಕ್ಕೆ ಬಂತು. ಪಂಜರದ ಮೇಲಿನ ಕೊಳವೆಗೆ ಒಂದು ತೆಳು ರಬ್ಬರ್ ಪಟ್ಟಿ ಕಟ್ಟಿ, ತುದಿಗೆ ತೂಕದ ಕಲ್ಲು, ಕಲ್ಲಿಗೆ ಮೆದುವಾದ ಸೀಸದ ಪೆನ್ಸಿಲ್ಲು ಬಿಗಿದೆ. ಅದರ ಮೊನೆ ತಾಗುವಂತೆ ಡ್ರಾಯಿಂಗ್ ಹಲಗೆಯನ್ನು ನಿಲ್ಲಿಸಿ ಹಿಡಿದು, ಹಾಳೆಯನ್ನು ಎಡಗೈಯಿಂದ ಮೆಲ್ಲಗೆ ಎಳೆಯುತ್ತ ಹಿಂದೆ ಕೂತೆ. ಕಾರು ಕುಲುಕಿದರೆ ಗೆರೆ ಜಿಗಿಯುತ್ತದೆ, ತೂಗಿದರೆ ಅಲೆ ಬರೆಯುತ್ತದೆ. ಬೆಳಗಲಿಯವರೆಗಿನ ಹಾದಿ ಹಾಳೆಯ ಮೇಲೆ ಗುಡ್ಡಗಾಡಿನಂತೆ ಮೂಡಿತು.

ಮುಂದಿನ ದಿನಗಳೆಲ್ಲ ಇದೇ. ಒಂದು ಪಾಟಾ ಮತ್ತೆ ಸೇರಿಸುವುದು, ಒಂದು ಹಾಳೆ. ಕಾರಿನ ಜೊತೆ ಮೂಲದಲ್ಲಿ ಬರುತ್ತಿದ್ದಂಥ ಶಾಕ್ ಅಬ್ಸಾರ್ಬರ್ ಹುಡುಕಿ ಹಾಕುವುದು, ಇನ್ನೊಂದು ಹಾಳೆ. ಟಾಯರಿನ ಗಾಳಿ ತುಸು ಇಳಿಸಿ, ಮತ್ತೊಂದು. ಡಿಕ್ಕಿಯಲ್ಲಿ ಉಸುಕಿನ ಚೀಲ ಇಟ್ಟಾಗ ಗೆರೆ ಚೆನ್ನಾಗಿ ಮಲಗಿತು. ಕೊನೆಗೆ ಹಾಳೆಯ ಮೇಲಿನ ಗುಡ್ಡಗಳು ದಿಬ್ಬಗಳಾಗಿ, ದಿಬ್ಬಗಳು ಹೊಲದ ಬದುಗಳಾದವು. ಮೈದುನ ಆ ಹಾಳೆ ಹಿಡಿದು, "ಈಗ ಹೇಳ್ರಿ!" ಅಂದ. ಆ ರಾತ್ರಿ ನನಗೆ ನಿದ್ದೆ ಬಂತು.

ಕಾರು ಓಡಿಸುವುದನ್ನು ಎಂದೋ ಕಲಿತಿದ್ದೆ. ಮರುದಿನ ರೂಢಿಯಾಗಲೆಂದು ನಾನೇ ಓಡಿಸಿದೆ, ಅವನು ಹಾಳೆ ಹಿಡಿದ. ಅದೇ ಕಾರು, ಅದೇ ಹಾದಿ. ಹಾಳೆ ನೋಡಿದರೆ ಗರಗಸ.

"ಇದೇನಲೇ? ರಸ್ತಾ ಕೆಟ್ಟೈತೇನ?"

"ರಸ್ತಾ ನಿನ್ನೀದ ಐತ್ರಿ. ಇದು ನಿಮ್ಮ ಕಾಲು. ಇಲ್ಲಿ ನಾಯಿ ಕಂಡ್ರಿ, ಬ್ರೇಕ್. ಇಲ್ಲಿ ನಾಯಿ ಇರಲಿಲ್ಲ, ಆದ್ರೂ ಬ್ರೇಕ್. ಇಲ್ಲಿ ಏನ್ ಕಂಡ್ರಿ ಮಾಮಾ?"

"ಅಲ್ಲೊಂದು ಸಾಲಿ ಇತ್ತು. ಹುಡುಗರು ಓಡಿ ಬಂದ್ರ?"

"ಇವತ್ತ ಐತವಾರ್ರಿ!"

ಕಾರಿನಲ್ಲಿ ಬದಲಿಸಬಹುದಾದದ್ದನ್ನೆಲ್ಲ ಬದಲಿಸಿ ಆಗಿತ್ತು. ಉಳಿದದ್ದು ನಾನು, ಮತ್ತು ನನ್ನ ಬಿಡಿಭಾಗಗಳು ಎಲ್ಲೂ ಸಿಗುತ್ತಿರಲಿಲ್ಲ. ಓಡಿಸುವವನು ಅವನೇ ಎಂದು ತೀರ್ಮಾನವಾಯಿತು. ನಾನು ಹಿಂದೆ ಕೂತು ಹೆಂಡತಿಯ ತಲೆ ಹಿಡಿಯುವುದು.

ಮೀರಜದಲ್ಲಿ ಕಣ್ಣಿಗೆ ಪಟ್ಟಿ ಕಟ್ಟಿದ ಹೆಂಡತಿಯನ್ನು ಕಾರಿನ ಬಳಿ ತಂದೆವು. ಅಕ್ಕ ಹಿಂದಿನ ದಿನವೇ ಬಸ್ಸಿನಲ್ಲಿ ಊರಿಗೆ ಹೋಗಿ ಹಾಸಿಗೆ ಸಜ್ಜು ಮಾಡುತ್ತಿದ್ದಳು. ಗಾದಿಯ ಮೇಲೆ ಮಲಗಿಸಿ, ನಾನು ತಲೆದೆಸೆಗೆ ಕೂತು ಎರಡೂ ಕೈಯಿಂದ ಅವಳ ತಲೆ ಹಿಡಿದೆ. ಕಾರು ಇನ್ನೂ ಹೊರಟಿರಲಿಲ್ಲ.

"ಗಾಡಿ ಚಾಲೂ ಆತೇನು?" ಕೇಳಿದಳು.

"ಇಲ್ಲ."

"ಮತ್ತ ತಲಿ ಯಾಕ ನಡಗಾಕತ್ತೈತಿ?"

ಅವಳೇ ತಮ್ಮನನ್ನು ಕರೆದಳು. "ನೀ ಬಾರಪಾ ಹಿಂದ. ನಿನ್ನ ಕೈ ಗಟ್ಟಿ ಅದಾವು. ಗಾಡಿ ಅವರು ಹೊಡೀಲಿ."

"ಅಕ್ಕಾ, ಮಾಮಾನ ಕಾಲು..."

"ಗೊತ್ತೈತಿ. ಆದ್ರ ಕೈ ಅದಕಿಂತ ಕೆಟ್ಟ."

ನಾನು ಮುಂದೆ ಬಂದು ಹೆಗಲ ಪಟ್ಟಿಗಳನ್ನು ಬಿಗಿದುಕೊಂಡೆ. ಊರು ದಾಟುವುದರೊಳಗೆ ನಾಲ್ಕಾರು ಸಲ ಬ್ರೇಕು ಒತ್ತಿದೆ. ಪ್ರತಿ ಸಲವೂ ಹಿಂದೆ ಮೈದುನ ಹಲ್ಲು ಕಚ್ಚಿ ಉಸಿರೆಳೆಯುವುದು ಕೇಳುತ್ತಿತ್ತು.

"ರೀ," ಅಂದಳು, "ಬ್ರೇಕ್ ಹಾಕೂಕಿಂತ ಮದಲ ಬಾಯಿಲೆ ಹೇಳ್ರಿ, ಏನ್ ಕಾಣತೈತಿ. ನಾ ಹಾಕು ಅಂದ್ರ ಹಾಕ್ರಿ."

"ನಿನಗ ಕಾಣೂದಿಲ್ಲಲ್ಲ!"

"ನಿಮಗ ಇಲ್ಲದ್ದೂ ಕಾಣತೈತಿ. ಹೇಳ್ರಿ."

ಹೇಳತೊಡಗಿದೆ. ಮುಂದೆ ಒಬ್ಬ ಸೈಕಲ್‌ನವ, ಹಾಲಿನ ಕ್ಯಾನು ಕಟ್ಟಿದಾನ, ಬಿದ್ದರೆ? "ಬೀಳೂದಿಲ್ಲ, ದಿನಾ ಹೋಗತಾನ." ಎಮ್ಮೆ. "ಎಷ್ಟ ದೂರ?" ದೂರ ಐತಿ. "ಮತ್ತ?" ಬಾಯಿಯಿಂದ ಹೊರಬಿದ್ದ ಭಯ ಕಾಲಿಗೆ ಇಳಿಯುತ್ತಿರಲಿಲ್ಲ. ಆಕ್ಸಿಲರೇಟರ್ ಮೇಲೆ ಪಾದ ಹಗುರಾಗಿ ಕೂತಿತ್ತು. ಉಗಾರ ದಾಟಿದೆವು. ಕಬ್ಬಿನ ಹಂಗಾಮು, ಕುಡಚಿಯ ಹೊಳೆಗೆ ಇಳಿಯುವಲ್ಲಿ ಗಾಡಿಗಳು ಸಾಲುಗಟ್ಟಿದ್ದವು. ಸೇತುವೆ ದಾಟಿ ಏರು ಹತ್ತುವಾಗ ಮುಂದಿನ ಎತ್ತಿನ ಗಾಡಿ ನಿಂತುಬಿಟ್ಟಿತು, ನಾನೂ ನಿಂತೆ. ಹಿಂದೆ ಟ್ರ್ಯಾಕ್ಟರ್ ಹಾರ್ನು ಹೊಡೆಯುತ್ತಿತ್ತು. ಏರಿನಲ್ಲಿ ಕಾರು ಹೊರಡಿಸುವಾಗ ಕ್ಲಚ್ಚು ಒಮ್ಮೆಲೇ ಕಚ್ಚಿ ಜಗ್ಗಿದರೆ ಎಲ್ಲ ಮುಗಿಯಿತು. ಅಂಗೈ ಬೆವರನ್ನು ಅಂಗಿಗೆ ಒರೆಸಿ, ಹ್ಯಾಂಡ್‌ಬ್ರೇಕು ಹಿಡಿದು, ಎಡಗಾಲನ್ನು ಕೂದಲೆಳೆಯಷ್ಟೇ ಎತ್ತಿದೆ. ಕಾರು ಹೊರಟದ್ದು ನನಗೇ ಗೊತ್ತಾಗಲಿಲ್ಲ. ಎತ್ತಿನ ಬಾಲ ಹತ್ತಿರ ಬಂದಾಗ ಗೊತ್ತಾಯಿತು.

"ಭೇಷ್ ಮಾಮಾ," ಮೈದುನ ಪಿಸುಗುಟ್ಟಿದ.

ಹಾರೂಗೇರಿ ಹೋಯಿತು. ತೇರದಾಳ ಇನ್ನೇನು ಬಂತು ಅನ್ನುವಾಗ ರಸ್ತೆಯ ಮೇಲೆ ಯಾವುದೋ ಟ್ರಾಲಿಯಿಂದ ಉದುರಿದ ಕಬ್ಬಿನ ಒಣ ಸೋಗೆ, ರವದಿ, ದಪ್ಪಗೆ ಹಾಸಿತ್ತು. "ರವದಿ ಬಿದ್ದೈತಿ," ಅಂದೆ. "ಮೆತ್ತಗ ಇರತೈತಿ, ಹೋಗ್ರಿ," ಅಂದಳು. ನನಗೂ ಹಾಗೇ ಅನ್ನಿಸಿತು. ರವದಿಯ ಕೆಳಗೆ ಗುಂಡಿಯಿತ್ತು.

ಮುಂದಿನ ಗಾಲಿ ಧಡ್ ಅಂತ ಇಳಿದು ಎದ್ದಿತು, ಹಿಂದಿನದೂ ಇಳಿದು ಎದ್ದಿತು. ನಾನು ನಿಲ್ಲಿಸಿ ತಿರುಗಿದೆ. ಮೈದುನ ತನ್ನ ಮೊಣಕೈಗಳನ್ನು ಎದೆಗೆ ಒತ್ತಿ, ಅಕ್ಕನ ತಲೆಯನ್ನು ಮಡಿಲಿನಿಂದ ಮೇಲೆತ್ತಿ ಹಿಡಿದಿದ್ದ.

"ಏನರ ಆತೇನ?" ಕೇಳಿದೆ.

"ಪಟ್ಟಿ ಕಟ್ಟ್ಯಾರ. ಕತ್ತಲಾಗ ಕತ್ತಲ ಹ್ಯಾಂಗ ಗೊತ್ತಾಗತೈತಿ?" ಅಂದಳು. ಆಮೇಲೆ, "ನಡೀರಿ. ಇಲ್ಲೇ ನಿಂತ್ರ ಏನ ಬರತೈತಿ."

ಅಲ್ಲಿಂದ ಮನೆಯವರೆಗೆ ಕಾರನ್ನು ಎತ್ತಿನ ಗಾಡಿಯ ವೇಗದಲ್ಲಿ ತಂದೆ. ಪಟ್ಟಿ ಬಿಚ್ಚುವ ದಿನ ಬರುವವರೆಗೆ ನಾನು ಆ ಗುಂಡಿಯನ್ನು ಎಷ್ಟು ಸಲ ಇಳಿದು ಎದ್ದೆನೋ. ಎಡಕ್ಕೆ ತಿರುಗಿಸಿದ್ದರೆ? ಬ್ರೇಕು ಹಾಕಿದ್ದರೆ? ಜೀವನದಲ್ಲಿ ಒಮ್ಮೆ ಹಾಕಬೇಕಾದಲ್ಲಿ ನಾನು ಬ್ರೇಕು ಹಾಕಿರಲಿಲ್ಲ.

ಪಟ್ಟಿ ಬಿಚ್ಚಿದ್ದು ಜಮಖಂಡಿಯ ಡಾಕ್ಟರು. ಮೀರಜದವರೇ ಅವರಿಗೆ ಹೇಳಿ ಕಳಿಸಿದ್ದರು. ದೀಪ ಹಿಡಿದು ಬಹಳ ಹೊತ್ತು ನೋಡಿ, "ಪರದೆ ಕೂತಿದೆ," ಅಂದರು. ಅವಳು ಗೋಡೆಯ ಮೇಲಿನ ಅಕ್ಷರಗಳನ್ನು ಮೇಲಿಂದ ಓದುತ್ತ ಬಂದಳು. ಕೆಳಗಿನ ಸಾಲಿನ ಬಲತುದಿಗೆ ಬಂದಾಗ ನಿಂತಳು. ಅಲ್ಲೊಂದು ಕಪ್ಪು ಮೂಲೆ ಉಳಿದಿತ್ತು, ಕಾಗದದ ಅಂಚು ಮಡಚಿದಷ್ಟು.

"ಇದು ಮದಲಿಂದನ ಇತ್ತೋ, ದಾರಿಯಾಗ ಆತೋ?" ನಾನು ಕೇಳಿದೆ. ಡಾಕ್ಟರು ಹೇಳಲಾಗುವುದಿಲ್ಲ ಅಂದರು. ಆಪರೇಶನ್ನಿಗೂ ಮುಂಚೆಯೇ ಆ ಭಾಗ ಹಾಳಾಗಿದ್ದಿರಬಹುದು, ಇಲ್ಲದೆಯೂ ಇರಬಹುದು. ನಾನು ಇನ್ನೊಮ್ಮೆ ಕೇಳಲು ಬಾಯಿ ತೆರೆದಾಗ ಹೆಂಡತಿ ನನ್ನ ತೋಳು ಹಿಡಿದು ಎಬ್ಬಿಸಿದಳು. "ಆ ಮೂಲ್ಯಾಗ ನೋಡೂವಂಥಾದ್ದು ಏನ ಇತ್ರಿ ಅಷ್ಟ?"

ಎಳೆ ಕೂಡಿಸುವ ಕೆಲಸಕ್ಕೆ ಮತ್ತೆ ಹೋಗುತ್ತಾಳೆ. ತಲೆಯನ್ನು ತುಸು ಬಲಕ್ಕೆ ಹೊರಳಿಸಿ ನೋಡುವ ಹೊಸ ರೂಢಿ ಆಗಿದೆ. ಮನೆಯಲ್ಲಿ ಊಟಕ್ಕೆ ಕೂರುವಾಗ ನನ್ನನ್ನು ಎಡಕ್ಕೆ ಕೂರಿಸಿಕೊಳ್ಳುತ್ತಾಳೆ. ಸಿಟ್ಟು ಬಂದ ದಿನ ಮಾತ್ರ ನನ್ನ ತಾಟು ಒಯ್ದು ಬಲಕ್ಕೆ, ಆ ಕಪ್ಪು ಮೂಲೆಗೆ ಇಡುತ್ತಾಳೆ. ನಾನು ಅಲ್ಲಿ ಕೂತು, ಸದ್ದು ಮಾಡದೆ ಉಣ್ಣುತ್ತೇನೆ.