ಹಾಸಿಗೆಯ ಬಳಿ ಕೂತವನು

ದೆವ್ವ, ಅಶರೀರವಾಣಿ ಎಂದು ಯಾರಾದರೂ ಶುರು ಮಾಡಿದರೆ ನಗುವ ಜಾತಿ ನನ್ನದು. ಕಬ್ಬಿಣ ಕೊರೆದು ಹೊಟ್ಟೆ ಹೊರೆಯುವವನು ನಾನು, ಅಳತೆಗೆ ಸಿಗದ್ದು ಸುಳ್ಳು ಎಂದು ವಾದಿಸುತ್ತಿದ್ದೆ. ಈಗಲೂ ದೆವ್ವವನ್ನು ನಂಬುವುದಿಲ್ಲ. ಆದರೆ ನನಗೇ ಆದ ಇದೊಂದು ಅನುಭವವನ್ನು ಏನೆಂದು ಕರೆಯಬೇಕೋ ತಿಳಿಯದೆ, ನಡೆದ ಹಾಗೆ ಬರೆಯುತ್ತಿದ್ದೇನೆ.

ಆಗ ಪೀಣ್ಯದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಕಬ್ಬಿಣ ಕಡೆಯುವ ಲೇತ್ ಯಂತ್ರದ ಮೇಲೆ ಕೆಲಸ. ಪಕ್ಕದ ಲೇತಿನಲ್ಲಿ ಬಸವರಾಜ. ಇಬ್ಬರೂ ಕುಷ್ಟಗಿ ಕಡೆಯ ಒಂದೇ ಊರಿನವರು. ಬಾಗಲಗುಂಟೆಯಲ್ಲಿ ಒಂದೇ ರೂಮು, ಉಣ್ಣುವುದು ಒಂದೇ ತಟ್ಟೆಯಲ್ಲಿ. ಒಂದು ದಿನ ಲೇತಿನಿಂದ ಚಿಮ್ಮಿದ ಕಬ್ಬಿಣದ ಸುರುಳಿ ನನ್ನ ಎಡಹುಬ್ಬಿನ ಕೆಳಗೆ ಗೀರಿತು. ಬಸವರಾಜನೇ ಕೈಗೆ ಸಿಕ್ಕ ಹಳೇ ಬಟ್ಟೆಯಲ್ಲಿ ರಕ್ತ ಒರೆಸಿದ. ಇಂಥ ಗೀರು ನಮಗೆ ಲೆಕ್ಕಕ್ಕೇ ಇಲ್ಲ. ಮರುದಿನ ರೆಪ್ಪೆ ಊದಿತು. ಆಮೇಲೆ ನೇರಳೆ ಬಣ್ಣಕ್ಕೆ ತಿರುಗಿ ಬೊಬ್ಬೆಯೆದ್ದಿತು, ಊತ ಬಲಗಣ್ಣನ್ನೂ ಮುಚ್ಚಿಬಿಟ್ಟಿತು. ನೋವಿಗೆ ಗೋಡೆಗೆ ತಲೆ ಚಚ್ಚಿಕೊಳ್ಳುವಂತಾಗಿ ದೊಡ್ಡಾಸ್ಪತ್ರೆ ಸೇರಿದೆ.

“ಇದು ಮಾಂಸ ತಿನ್ನೋ ಸೋಂಕು ಕಣಪ್ಪ. ಔಷಧಿ ಇಳಿಸ್ತಾ ಇದ್ದೀವಿ, ಆದ್ರೆ ಸತ್ತಿರೋ ಮಾಂಸ ಕತ್ತರಿಸಿ ತೆಗೀಲೇಬೇಕು. ತಡ ಆದ್ರೆ ಜೀವಕ್ಕೇ ಅಪಾಯ” ಎಂದರು ಡಾಕ್ಟರಮ್ಮ. ಕಣ್ಣು ಉಳಿಯುತ್ತದೆಯೇ ಎಂದು ಕೇಳಿದೆ. “ನೋಡ್ತೀವಿ. ಮಾತು ಕೊಡಲ್ಲ.”

ನಾನು ಒಪ್ಪಲಿಲ್ಲ. ಕಣ್ಣಿಲ್ಲದವನ ಕೈಗೆ ಲೇತ್ ಯಾರು ಕೊಡುತ್ತಾರೆ? ಊರಿಂದ ಅಪ್ಪ ಬರಲಿ ಎಂದು ಹಟ ಹಿಡಿದೆ.

ಅವತ್ತೇ ಮಧ್ಯಾಹ್ನ ಯಾರೋ ಬಂದು ಹಾಸಿಗೆಯ ಅಂಚಿನಲ್ಲಿ ಕೂತರು. ಲೇತಿಗೆ ಸುರಿಯುವ ಕಟಿಂಗ್ ಆಯಿಲ್ ವಾಸನೆ ಬಂತು. ಗಾಯವಿಲ್ಲದೆ ಬರೀ ಊದಿ ಮುಚ್ಚಿದ್ದ ಬಲಗಣ್ಣಿನ ಮೇಲೆ ಬೆಚ್ಚಗಿನ ಬಟ್ಟೆ ಒತ್ತಿದಂತಾಯಿತು. ಕಣ್ಣಿಗೆ ಏನಾದರೂ ಬಿದ್ದರೆ ಟವೆಲಿನ ತುದಿಯನ್ನು ಉಂಡೆ ಮಾಡಿ, ಬಾಯಿಂದ ಊದಿ ಬಿಸಿ ಮಾಡಿ ಒತ್ತುವುದು ನಮ್ಮಲ್ಲಿ ರೂಢಿ. ಬಸವರಾಜ ಊದುವಾಗ ನಡುವೆ ಒಮ್ಮೆ ಕೆಮ್ಮುತ್ತಿದ್ದ. ಆ ಕೆಮ್ಮೂ ಕೇಳಿಸಿತು.

“ಯಾಕ ಹಟ ಹಿಡದಿ? ಕೊಯ್ಯಲಿ ಬಿಡು. ಕಣ್ಣ ಹೋದ್ರ ನಾ ಅದೀನಲ್ಲ. ಹೂಂ ಅನ್ನು.”

ಅವನೇ ಹೇಳಿದ ಮೇಲೆ ಇನ್ನೇನು ಎಂದುಕೊಂಡೆ. ನರ್ಸನ್ನು ಕೂಗಿ ಹೂಂ ಎಂದೆ.

ಎರಡು ಸಲ ಕೊಯ್ದರು. ತೊಡೆಯ ಚರ್ಮ ತೆಗೆದು ರೆಪ್ಪೆಗೆ ಹಾಕಿದರು. ಕಣ್ಣು ಉಳಿಯಿತು. ಇನ್ನಷ್ಟು ತಡವಾಗಿದ್ದರೆ ನಾನೇ ಉಳಿಯುತ್ತಿರಲಿಲ್ಲವಂತೆ. ಬಸವರಾಜ ಮತ್ತೆ ಬರಲಿಲ್ಲವಲ್ಲ ಎಂದಾಗ ನರ್ಸ್, “ಮತ್ತೆ ಅಂದ್ರೆ? ಆಪರೇಷನ್‌ಗೆ ಮುಂಚೆ ಯಾರನ್ನೂ ಒಳಗೆ ಬಿಟ್ಟೇ ಇಲ್ಲ ಅಣ್ಣ, ನಾನೇ ಇದ್ನಲ್ಲ” ಎಂದಳು. ಹೇಗೋ ನುಸುಳಿ ಬಂದಿರಬೇಕು ಎಂದುಕೊಂಡೆ.

ಆಮೇಲೆ ಊರಿಂದ ಬಂದಿದ್ದ ಅಪ್ಪ ಬಾಯಿಬಿಟ್ಟರು. ಅವರು ವರ್ಕ್‌ಶಾಪಿಗೆ ಹೋಗಿ ಆಸ್ಪತ್ರೆ ಖರ್ಚಿಗೆ ಪರಿಹಾರ ಕೇಳಿದ್ದರಂತೆ. ಮಾಲೀಕರು ಬಸವರಾಜನನ್ನು ಎದುರಿಗೆ ಕರೆಸಿದಾಗ, “ಇಲ್ಲಿ ಆಗಿದ್ದಲ್ರೀ, ರೂಮಿನ ಮೆಟ್ಟಲದಾಗ ಬಿದ್ದಿದ್ದ” ಎಂದು ಅಪ್ಪನ ಮುಖ ನೋಡಿಯೇ ಹೇಳಿದನಂತೆ. ವರ್ಕ್‌ಶಾಪು ಕೈತೊಳೆದುಕೊಂಡಿತು. ಡಾಕ್ಟರರ ಕತ್ತರಿಯ ಗಾಯಕ್ಕೆ ಮದ್ದಿತ್ತು. ನಂಬಿಸಿ ಕತ್ತು ಕೊಯ್ದದ್ದಕ್ಕೆ ಏನಿದೆ? ಮೂರು ಹೊತ್ತೂ ಅದನ್ನೇ ನೆನೆದು ಕುದಿದೆ.

ಆದರೂ ಓಡಾಡುವಂತಾದ ಮೇಲೆ ಅವನನ್ನು ಹುಡುಕಿಕೊಂಡು ಹೋದೆ. ವರ್ಕ್‌ಶಾಪಿನ ಎದುರಿನ ಟೀ ಅಂಗಡಿಯಲ್ಲಿ ಸಿಕ್ಕ.

“ಸುಳ್ಳ ಹೇಳಿದಿ, ಇರಲಿ. ಅವತ್ತ ದವಾಖಾನಿಗೆ ಬಂದು ನನ್ನ ಒಪ್ಪಿಸಿದೆಲ್ಲ, ಅದಕ್ಕ ಜೀವ ಉಳೀತು” ಎಂದೆ.

ಅವನು ಗ್ಲಾಸು ಕೆಳಗಿಟ್ಟ. “ನಾ ಎಲ್ಲಿ ಬಂದಿದ್ದೆ? ಕೆಲಸ ಹೋಗ್ತದಂತ ಹೆದರಿ ಆ ಕಡೆ ತಲಿನೇ ಹಾಕಿಲ್ಲ” ಎಂದ. ಮುಖ ನೋಡಿದರೆ ನಿಜವೇ ಹೇಳುತ್ತಿದ್ದ.

ಜ್ವರದ ಭ್ರಮೆ ಎಂದರು ಡಾಕ್ಟರಮ್ಮ. ಇರಬಹುದು. ಆದರೆ ಡಾಕ್ಟರು ಹೇಳಿದ್ದಕ್ಕೂ ಬಗ್ಗದ ನಾನು ಬಗ್ಗಿದ್ದು ಆ ಬೆಚ್ಚಗಿನ ಬಟ್ಟೆಗೆ, ಆ ಮಾತಿಗೆ. ಅಂದು ಬಂದವನು ಯಾರೆಂದು ಇವತ್ತಿಗೂ ನನಗೆ ಗೊತ್ತಿಲ್ಲ. ಬಸವರಾಜ ಆ ಟೀ ಅಂಗಡಿಯಲ್ಲಿ “ಹೌದು, ಬಂದಿದ್ದೆ” ಎಂದು ಇನ್ನೊಂದು ಸುಳ್ಳು ಹೇಳಿದ್ದರೆ, ಮೊದಲನೆಯದನ್ನು ನಾನು ಅಲ್ಲೇ ಮನ್ನಿಸಿಬಿಡುತ್ತಿದ್ದೆ.