ಕ್ವಾರಿಯ ನೀರಿಗೆ ಉಡಿ ತುಂಬಿದ ದಿನ

ಹೈದರಾಬಾದಿನ ಹೊರಗೆ ಒಂದು ಹಳೆಯ ಕಲ್ಲುಕ್ವಾರಿ ಈಗ ಕೆರೆಯಾಗಿದೆ. ಅದನ್ನೂ ಪಕ್ಕದಲ್ಲಿ ಕಲ್ಲುಪುಡಿ ಸುರಿದು ಆದ ಮರಳುದಿಬ್ಬಗಳನ್ನೂ ನೋಡಲು ಜನ ಬರುತ್ತಾರೆ. ನಿನ್ನೆ ಮಗಳೊಂದಿಗೆ ಹೋದಾಗ ಒದ್ದೆ ಕಲ್ಲುಪುಡಿಯ ವಾಸನೆ ಮೂಗಿಗೆ ಬಡಿಯಿತು.

ನಾನು ಚಿಕ್ಕವನಿದ್ದಾಗ, ಯಾದಗಿರಿ ಕಡೆಯಿಂದ ಬಂದಿದ್ದ ಅಪ್ಪ ಇಲ್ಲಿಯೇ ಕಲ್ಲು ಒಡೆಯುತ್ತಿದ್ದ. ಒಂದು ಬೆಳಿಗ್ಗೆ ತಳದ ಬಂಡೆ ಸೀಳಿ ನೀರು ಉಕ್ಕಿತು. ಪಂಪು ಹಚ್ಚಿದರೂ ಬತ್ತಲಿಲ್ಲ, ಕೆಲಸ ನಿಂತುಹೋಯಿತು. ಅವ್ವ ಮಾತ್ರ ಊರಿನ ರೂಢಿಯಂತೆ ಅರಿಶಿನ, ಕುಂಕುಮ, ಹಸಿರು ಬಳೆ ತಂದು ಹೊಸ ನೀರಿಗೆ ಉಡಿ ತುಂಬಿದಳು.

“ನಮ್ಮ ಹೊಟ್ಟಿ ಮ್ಯಾಲೆ ಹೊಡದಾಕಿಗೆ ಬಳಿ ಬ್ಯಾರೆ ಕೇಡು!” ಎಂದ ಅಪ್ಪ.

“ತಾನಾಗೇ ಬಂದ ಗಂಗವ್ವನ್ನ ಬೈತಾರೇನ್ರಿ?” ಎಂದಳು ಅವ್ವ.

ಅಪ್ಪ ಗೊಣಗುತ್ತಲೇ ಚಪ್ಪಲಿ ಬಿಟ್ಟು ಕೈಮುಗಿದ. ಕಲ್ಲುಪುಡಿಯ ದಿಬ್ಬದ ಮೇಲೆ ಕೂತಿದ್ದ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ನಿನ್ನೆ ಇದನ್ನೆಲ್ಲ ಕೇಳಿದ ಮಗಳು, “ಹಂಗಾರೆ ನೀರು ಬಂದದ್ದು ಚಲೋನೇ ಆತಲ್ಲ ಪಪ್ಪಾ?” ಎಂದಳು.

ನಾನೂ ಅಪ್ಪನ ಹಾಗೆ ಗೊಣಗುತ್ತಲೇ ಚಪ್ಪಲಿ ಬಿಟ್ಟು ನೀರಿಗೆ ಕೈಮುಗಿದೆ.